ತಪ್ಪು ಮತ್ತು ಅಸತ್ಯ

ಮನುಷ್ಯನು ಆಡಿದ ಮಾತು ವಸ್ತುಸ್ಥಿತಿಗೆ ಹೊಂದದೆ ಹೋಗುವುದು ಎರಡು ಬಗೆಯಲ್ಲಿ. ತಾನು ಹಾಗೆಯೇ ನಂಬಿ ಆಡಿದ ಮಾತು ಹೊಂದದಿದ್ದರೆ ಅದು ತಪ್ಪು. ಬೇರೆಯಾಗಿ ತಿಳಿದಿದ್ದೂ ಆಡಿದ್ದಾದರೆ ಅದು ಅಸತ್ಯ. ಮೊದಲನೆಯದು ಬುದ್ಧಿಯ ದೋಷ, ಎರಡನೆಯದು ಶೀಲದ ದೋಷ. ಇಷ್ಟನ್ನು ಪಾಠಶಾಲೆಯ ಬಾಲಕನೂ ಬಲ್ಲನು. ಆದರೆ ಇವೆರಡರ ನಡುವೆ ಒಂದು ಇಕ್ಕಟ್ಟಾದ ಓಣಿಯಿದೆ. ತಪ್ಪನ್ನು ತಪ್ಪೆಂದು ತಿಳಿಯುವ ಅವಕಾಶ ಬಂದಾಗಲೂ ತಿಳಿಯಲೊಲ್ಲದವನ ಬಾಯಲ್ಲಿ ಅದು ಮೆಲ್ಲಮೆಲ್ಲಗೆ ಅಸತ್ಯವಾಗಿ ಮಾರ್ಪಡುತ್ತದೆ. ಯಾವ ದಿನ ಮಾರ್ಪಟ್ಟಿತೆಂದು ಆಡಿದವನೇ ಹೇಳಲಾರನು. ಇನ್ನೊಂದು ಕಡೆ, ನಿಜವನ್ನು ನುಡಿದವರೆಲ್ಲರೂ ಸತ್ಯವಂತರೆ ಎಂಬ ಪ್ರಶ್ನೆಯೂ ಉಳಿಯುತ್ತದೆ. ಈ ಎರಡು ಪ್ರಶ್ನೆಗಳನ್ನು ನಮ್ಮ ಮುಂದೆ ತಂದು ನಿಲ್ಲಿಸಿದ ಒಂದು ಪ್ರಸಂಗವನ್ನು ಸದ್ಭಕ್ತರ ಮುಂದೆ ಮುಚ್ಚುಮರೆಯಿಲ್ಲದೆ ನಿವೇದಿಸುವುದು ಈ ಲೇಖನದ ಉದ್ದೇಶ.

ಕೆಲವು ವರ್ಷಗಳ ಹಿಂದೆ ಶ್ರಾವಣಮಾಸದ ಪ್ರವಚನದಲ್ಲಿ ಭಯವನ್ನು ಕುರಿತು ಮಾತನಾಡುತ್ತ ನಾವು ಒಂದು ದೃಷ್ಟಾಂತವನ್ನು ಕೊಟ್ಟಿದ್ದೆವು. ಯೂರೋಪಿನ ಆಲ್ಪ್ಸ್ ಪರ್ವತದ ಸುತ್ತಿನ ಸರೋವರಗಳಲ್ಲಿ ಐದಾರು ಸಾವಿರ ವರ್ಷಗಳ ಹಿಂದೆ ಬಾಳಿದ ಜನರು, ಕಾಡುಮೃಗಗಳಿಗೂ ಶತ್ರುಗಳಿಗೂ ಅಂಜಿ, ನೀರಿನ ನಡುವೆ ಕಂಬಗಳನ್ನು ನಾಟಿ, ಅವುಗಳ ಮೇಲೆ ವಿಶಾಲವಾದ ಅಟ್ಟಣೆಯನ್ನು ಕಟ್ಟಿ, ಊರಿಗೆ ಊರೇ ನೀರಿನ ಮೇಲೆ ವಾಸವಾಗಿತ್ತು ಎಂದು ವರ್ಣಿಸಿದೆವು. ಮಕ್ಕಳು ನೀರಿಗೆ ಬೀಳದಂತೆ ಕಾಲಿಗೆ ಹಗ್ಗ ಕಟ್ಟುತ್ತಿದ್ದರೆಂದೂ ಸೇರಿಸಿದೆವು. ಭಯವು ಮನುಷ್ಯನಿಂದ ನೆಲವನ್ನೂ ಬಿಡಿಸುತ್ತದೆ ಎಂಬುದು ನಾವು ತೆಗೆದ ನೀತಿ. ಸಭೆಗೆ ಅದು ಬಹಳ ಹಿಡಿಸಿತು.

ದಾಸೋಹ ಮುಗಿದ ಮೇಲೆ ನಮ್ಮ ಪ್ರಸಾದನಿಲಯದ ಹಳೆಯ ವಿದ್ಯಾರ್ಥಿಯೊಬ್ಬರು, ಈಗ ಇತಿಹಾಸದ ಅಧ್ಯಾಪಕರು, ಏಕಾಂತದಲ್ಲಿ ಬಂದು ನಮಸ್ಕರಿಸಿದರು. “ಬುದ್ಧಿ, ತಪ್ಪು ತಿಳಿಯಬಾರದು. ತಾವು ಅಪ್ಪಣೆ ಕೊಡಿಸಿದ ಆ ಸರೋವರದ ಊರಿನ ಚಿತ್ರವನ್ನು ವಿದ್ವಾಂಸರು ಈಗ ಹಾಗೆ ಒಪ್ಪುವುದಿಲ್ಲ. ಅದು ಹಳೆಯ ಮಾತು” ಎಂದರು. ನಮಗೆ ಮೊದಲು ಬಂದ ಯೋಚನೆ ‘ಇದು ನಿಜವೋ ಅಲ್ಲವೋ’ ಎಂಬುದಲ್ಲ. ‘ಸದ್ಯ, ಸಭೆಯಲ್ಲಿ ಹೇಳಲಿಲ್ಲವಲ್ಲ’ ಎಂಬುದು. “ನೋಡೋಣಪ್ಪ” ಎಂದು ಕಳುಹಿಸಿಕೊಟ್ಟೆವು. ಆ ‘ನೋಡೋಣ’ ನಾಲ್ಕು ತಿಂಗಳು ಹಾಗೆಯೇ ಉಳಿಯಿತು. ಆ ನಡುವೆ ಬೇರೊಂದು ಊರಿನಲ್ಲಿ ಅದೇ ದೃಷ್ಟಾಂತವನ್ನು ಮತ್ತೊಮ್ಮೆ ಹೇಳಿಯೂ ಬಿಟ್ಟೆವು. ಮೊದಲ ಸಲ ಹೇಳಿದ್ದು ತಪ್ಪು. ಎರಡನೆಯ ಸಲ ಹೇಳಿದ್ದು ಏನು? ಈ ಪ್ರಶ್ನೆ ಚುಚ್ಚತೊಡಗಿದಾಗ ಗ್ರಂಥಗಳನ್ನು ತರಿಸಿ ಓದಿದೆವು. ಓದಿದಂತೆಲ್ಲ ಆ ಚಿತ್ರದ ಹುಟ್ಟು, ಬಾಳು, ಅಳಿವುಗಳ ಕಥೆಯೇ ನಮ್ಮ ಪ್ರಶ್ನೆಗೆ ಉತ್ತರ ಕೊಡುವಂತೆ ಕಂಡಿತು.

೧೮೫೩-೫೪ರ ಚಳಿಗಾಲದಲ್ಲಿ ಸ್ವಿಟ್ಜರ್ಲೆಂಡಿನ ಸರೋವರಗಳ ನೀರು ಬಹಳ ಕೆಳಕ್ಕಿಳಿದಿತ್ತು. ಜ್ಯೂರಿಕ್ ಸರೋವರದ ದಂಡೆಯ ಓಬರ್‌ಮೈಲೆನ್ ಎಂಬಲ್ಲಿ ಜನರು ಬತ್ತಿದ ತಳದಿಂದ ಮಣ್ಣು ತೆಗೆದು ದಂಡೆಯ ಕಡೆ ಹೊಸ ನೆಲ ಮಾಡಿಕೊಳ್ಳುತ್ತಿರುವಾಗ ಕೆಸರಿನಲ್ಲಿ ಸಾಲುಸಾಲಾಗಿ ಮರದ ಗೂಟಗಳು, ಸಾರಂಗದ ಕೊಂಬುಗಳು, ಮಡಕೆಯ ಚೂರುಗಳು, ಕಲ್ಲಿನ ಕೊಡಲಿಗಳು ಹೊರಬಂದವು. ಆ ಊರಿನ ಶಾಲಾ ಉಪಾಧ್ಯಾಯರಾದ ಯೋಹಾನ್ನೆಸ್ ಎಪ್ಲಿ ಎಂಬವರು ಇದರ ಮಹತ್ವವನ್ನು ಅರಿತು ಜ್ಯೂರಿಕ್ ನಗರದ ಪ್ರಾಚ್ಯವಸ್ತು ಸಂಘಕ್ಕೆ ತಿಳಿಸಿದರು. ಆ ಸಂಘವನ್ನು ೧೮೩೨ರಲ್ಲಿ ಸ್ಥಾಪಿಸಿದವರು ಫರ್ಡಿನಾಂಡ್ ಕೆಲ್ಲರ್. ಅವರು ಬಂದು ನೋಡಿ, ೧೮೫೪ರಲ್ಲೇ ತಮ್ಮ ಮೊದಲ ವರದಿಯನ್ನು ಪ್ರಕಟಿಸಿದರು. ನೀರಿನ ಮೇಲೆ ಅಟ್ಟಣೆ, ಅಟ್ಟಣೆಯ ಮೇಲೆ ಊರು ಎಂಬ ಚಿತ್ರ ಲೋಕಕ್ಕೆ ಬಂದದ್ದು ಆ ವರದಿಯಿಂದ. ಅಲ್ಲಿಂದ ೧೮೭೯ರವರೆಗೆ ಅವರು ಎಂಟು ವರದಿಗಳನ್ನು ಹೊರತಂದರು.

ಕೆಲ್ಲರ್ ಈ ತೀರ್ಮಾನಕ್ಕೆ ಬಂದ ಬಗೆಯನ್ನು ತರ್ಕಶಾಸ್ತ್ರದ ಕಣ್ಣಿನಿಂದ ನೋಡುವುದು ಸ್ವಾರಸ್ಯಕರ. ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳನ್ನು ಹೇಳುತ್ತಾರೆ. ಕೆಲ್ಲರರ ಬಳಿ ನಾಲ್ಕೂ ಇದ್ದವು. ಗೂಟಗಳು ನೀರಿನ ತಳದಲ್ಲಿ ನಿಂತಿದ್ದವು, ಇದು ಪ್ರತ್ಯಕ್ಷ. ಗೂಟಗಳಿದ್ದಮೇಲೆ ಅವು ಏನನ್ನೋ ಹೊತ್ತಿರಬೇಕು, ಇದು ಅನುಮಾನ. ನ್ಯೂಗಿನಿ ದ್ವೀಪದಲ್ಲಿ ಸಮುದ್ರದ ಅಂಚಿನಲ್ಲಿ ಕಂಬಗಳ ಮೇಲೆ ಮನೆ ಕಟ್ಟಿಕೊಂಡ ಜನರ ಚಿತ್ರಗಳನ್ನು ಫ್ರೆಂಚ್ ನಾವಿಕ ದ್ಯುಮೋಂ ದುರ್ವಿಲ್ ಪ್ರಕಟಿಸಿದ್ದರು, ಅವುಗಳ ಹೋಲಿಕೆ ಉಪಮಾನ. ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಪ್ರಾಸಿಯಾಸ್ ಎಂಬ ಸರೋವರದ ನಡುವೆ ಅಟ್ಟಣೆಯ ಮೇಲೆ ಬಾಳುವ ಜನರನ್ನು ವರ್ಣಿಸಿದ್ದಾನೆ. ಮಕ್ಕಳ ಕಾಲಿಗೆ ಹಗ್ಗ ಕಟ್ಟುವ ಮಾತು, ನೆಲದ ಬಾಗಿಲು ತೆರೆದು ಬುಟ್ಟಿ ಇಳಿಸಿದರೆ ಮೀನು ತುಂಬಿ ಬರುತ್ತದೆ ಎಂಬ ಮಾತು ಎರಡೂ ಅವನವೇ. ಇದು ಶಬ್ದಪ್ರಮಾಣ. ನಾಲ್ಕು ಪ್ರಮಾಣಗಳೂ ಒಂದೇ ಕಡೆ ಬೆರಳು ತೋರಿದವು. ಆದರೂ ತೀರ್ಮಾನ ನಿಲ್ಲಲಿಲ್ಲ.

ಏಕೆ ನಿಲ್ಲಲಿಲ್ಲ? ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುತ್ತದೆ ಎಂದು ಒಬ್ಬನು ಅನುಮಾನಿಸಿದರೆ, ಹಸಿ ಸೌದೆಯ ಸಂಬಂಧವಿದ್ದಾಗ ಮಾತ್ರ ಹೊಗೆ ಎಂದು ತರ್ಕಜ್ಞರು ತಿದ್ದುತ್ತಾರೆ. ಹಸಿ ಸೌದೆಯೆಂಬ ಆ ಗುಪ್ತವಾದ ಷರತ್ತಿಗೆ ಉಪಾಧಿ ಎಂದು ಹೆಸರು. ಕೆಲ್ಲರರ ಅನುಮಾನದಲ್ಲಿಯೂ ಒಂದು ಉಪಾಧಿ ಅಡಗಿತ್ತು. ಈಗ ನೀರಿರುವಲ್ಲಿ ಆಗಲೂ ನೀರಿತ್ತು ಎಂಬುದೇ ಅದು. ಗೂಟಗಳು ನೀರಿನಲ್ಲಿರುವುದು ಪ್ರತ್ಯಕ್ಷ. ಅವುಗಳನ್ನು ನಾಟಿದ ದಿನ ಅಲ್ಲಿ ನೀರಿದ್ದುದು ಪ್ರತ್ಯಕ್ಷವಲ್ಲ. ಆ ಒಂದು ಕೊಂಡಿಯನ್ನು ಕೆಲ್ಲರ್ ಪರೀಕ್ಷಿಸಲಿಲ್ಲ. ಪರೀಕ್ಷಿಸುವ ಉಪಾಯವೂ ಅಂದಿನ ಕಾಲಕ್ಕೆ ಬಹುಮಟ್ಟಿಗೆ ಇರಲಿಲ್ಲ. ಉಪಮಾನ ಮತ್ತು ಶಬ್ದಗಳು ಆ ಬಿರುಕನ್ನು ಮುಚ್ಚಿದುವೇ ಹೊರತು ತುಂಬಲಿಲ್ಲ. ನ್ಯೂಗಿನಿಯ ಮನೆ ನ್ಯೂಗಿನಿಗೆ ಸಾಕ್ಷಿ, ಹೆರೊಡೊಟಸನ ಸರೋವರ ಆ ಸರೋವರಕ್ಕೆ ಸಾಕ್ಷಿ, ಜ್ಯೂರಿಕ್ಕಿಗಲ್ಲ. ಪ್ರಮಾಣಗಳ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಜ್ಞಾನ ದೃಢವಾಗುವುದಿಲ್ಲ ಎಂಬುದು ಇಲ್ಲಿಯ ಮೊದಲ ಪಾಠ.

ಇದನ್ನು ಕೆಲ್ಲರರ ಪಾಪವೆನ್ನಬಹುದೆ? ನಮಗೆ ಹಾಗೆ ತೋರುವುದಿಲ್ಲ. ಅವರು ಸಿಕ್ಕಿದ ವಸ್ತುಗಳನ್ನು ಅಡಗಿಸಲಿಲ್ಲ. ಚಿತ್ರಸಹಿತ ಪ್ರಕಟಿಸಿ ಮುಂದಿನವರ ಕೈಗಿತ್ತರು. ಅವರನ್ನು ಸುಳ್ಳಾಗಿಸಿದ ವಿದ್ಯೆಯು ಅವರು ತೆರೆದ ಬಾಗಿಲಿನಿಂದಲೇ ಒಳಬಂದಿತು. ಲುಡ್ವಿಗ್ ರ್‍ಯೂಟಿಮೇಯರ್ ೧೮೬೧ರಲ್ಲಿ ಆ ನೆಲೆಗಳ ಪ್ರಾಣಿಗಳ ಎಲುಬುಗಳನ್ನೂ, ಓಸ್ವಾಲ್ಡ್ ಹೇರ್ ೧೮೬೫ರಲ್ಲಿ ಅಲ್ಲಿಯ ಸಸ್ಯಗಳನ್ನೂ ಕುರಿತು ಗ್ರಂಥಗಳನ್ನು ಬರೆದರು. ಎಲುಬು ಮತ್ತು ಬೀಜಗಳಿಂದ ಪ್ರಾಚೀನರ ಬಾಳನ್ನು ಓದುವ ವಿದ್ಯೆಗೆ ಇವು ಅಡಿಗಲ್ಲುಗಳು. ಫೆಫಿಕೋನ್ ಸರೋವರದ ಬಳಿಯ ರೋಬೆನ್‌ಹೌಸೆನ್ ನೆಲೆಯನ್ನು ೧೮೫೮ರಲ್ಲಿ ಕಂಡುಹಿಡಿದ ಯಾಕೋಬ್ ಮೆಸ್ಸಿಕೊಮ್ಮರ್ ಒಬ್ಬ ರೈತರು. ಜೌಗಿನ ಕೆಸರಿನಿಂದ ನಾರಿನ ಬಟ್ಟೆಯ ತುಂಡುಗಳನ್ನೂ ಕರಿಕಾದ ಸೇಬುಗಳನ್ನೂ ರೊಟ್ಟಿಯನ್ನೂ ಅವರು ತಾಳ್ಮೆಯಿಂದ ತೆಗೆದರು.

ಆದರೆ ತಪ್ಪು ಒಬ್ಬ ವಿದ್ವಾಂಸನ ಪುಸ್ತಕದಲ್ಲಿ ಉಳಿದರೆ ಅದಕ್ಕೆ ಬಲವಿಲ್ಲ. ಅದು ಜನಸಮೂಹದ ಅಭಿಮಾನಕ್ಕೆ ಬೇಕಾದಾಗ ಬಲ ಬರುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ ೧೮೪೭ರಲ್ಲಿ ಪ್ರಾಂತಗಳ ನಡುವೆ ಅಂತರ್ಯುದ್ಧವಾಗಿ, ೧೮೪೮ರಲ್ಲಿ ಹೊಸ ಸಂಯುಕ್ತ ರಾಷ್ಟ್ರ ರೂಪುಗೊಂಡಿತ್ತು. ಭಾಷೆ ಬೇರೆ, ಮತಪಂಗಡ ಬೇರೆ, ಗಾಯ ಇನ್ನೂ ಹಸಿ. ಅಂತಹ ಸಮಯದಲ್ಲಿ, ಎಲ್ಲ ಭಾಷೆಗಳಿಗಿಂತಲೂ ಹಿಂದೆ ಇದೇ ಸರೋವರಗಳ ಮೇಲೆ ಶಾಂತಿಯಿಂದ ಬಾಳಿದ ಪೂರ್ವಜರು ದೊರೆತರೆಂದರೆ ಯಾರಿಗೆ ಬೇಡ? ಸುತ್ತಲೂ ನೀರಿರುವ ಆ ಊರು ಸುತ್ತಲೂ ದೊಡ್ಡ ರಾಜ್ಯಗಳಿರುವ ತಮ್ಮ ಪುಟ್ಟ ರಾಷ್ಟ್ರದ ಪ್ರತಿಬಿಂಬದಂತೆ ತೋರಿತು. ೧೮೬೭ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಆ ವಸ್ತುಗಳು ರಾಷ್ಟ್ರದ ಗೌರವವಾಗಿ ಕಾಣಿಸಿಕೊಂಡವು. ಚಿತ್ರಕಾರರು ಬರೆದರು, ೧೮೭೩ರಲ್ಲಿ ಆಲ್ಬರ್ಟ್ ಆಂಕರ್ ಸರೋವರವಾಸಿ ಸ್ತ್ರೀಯೊಬ್ಬಳನ್ನು ಚಿತ್ರಿಸಿದರು. ಶಾಲೆಯ ಗೋಡೆಗಳ ಮೇಲೂ ಪಠ್ಯಪುಸ್ತಕಗಳಲ್ಲಿಯೂ ಅಟ್ಟಣೆಯ ಊರು ನೆಲೆನಿಂತಿತು. ವಸ್ತುಗಳ ಬೇಡಿಕೆ ಏರಿತು; ಅಗೆದು ಮಾರುವವರು ಹುಟ್ಟಿಕೊಂಡರು; ಅಗೆದು ಸಾಲದಾದಾಗ ಹೊಸದಾಗಿ ಕೆತ್ತಿ ಹಳೆಯದೆಂದು ಮಾರುವವರೂ ಹುಟ್ಟಿಕೊಂಡರು. ೧೮೬೮ರಲ್ಲಿ ಆರಂಭವಾದ ಯೂರಾ ಪ್ರದೇಶದ ಜಲಕಾಮಗಾರಿಯಿಂದ ಮೂರು ಸರೋವರಗಳ ಮಟ್ಟ ಸುಮಾರು ಎರಡೂವರೆ ಮೀಟರ್ ಇಳಿದಾಗ, ಬಯಲಾದ ನೆಲೆಗಳಲ್ಲಿ ಸುಲಿಗೆಯೇ ನಡೆಯಿತು.

ಕೆಲ್ಲರರ ತಪ್ಪು, ಚಿತ್ರಕಾರರ ಕಲ್ಪನೆ, ಜನರ ಅಭಿಮಾನ, ವ್ಯಾಪಾರಿಯ ಖೋಟಾ ವಸ್ತು ಇವು ನಾಲ್ಕೂ ಒಂದೇ ಸಾಲಿನಲ್ಲಿ ನಿಂತಿರುವುದನ್ನು ಗಮನಿಸಬೇಕು. ಮೊದಲನೆಯದು ನಿರ್ದೋಷ, ಕೊನೆಯದು ಶುದ್ಧ ವಂಚನೆ. ನಡುವೆ ಗೆರೆ ಎಲ್ಲಿದೆ? ಬಹುಶಃ ‘ಇದು ಹೀಗಿದೆ’ ಎಂಬ ಮಾತು ‘ಇದು ಹೀಗೆಯೇ ಇರಬೇಕು’ ಎಂದಾಗುವಲ್ಲಿ. ಮನುಷ್ಯನಿಗೆ ಒಂದು ಮಾತಿನಿಂದ ಸುಖ ದೊರೆಯತೊಡಗಿದ ದಿನ ಅವನು ಅದರ ಪರೀಕ್ಷಕನಾಗಿ ಉಳಿಯದೆ ಕಾವಲುಗಾರನಾಗುತ್ತಾನೆ.

ಇನ್ನು ಈ ಚಿತ್ರ ಕುಸಿದ ಬಗೆ. ಇಪ್ಪತ್ತನೆಯ ಶತಮಾನದ ಎರಡನೆಯ ಮೂರನೆಯ ದಶಕಗಳಲ್ಲಿ ದಕ್ಷಿಣ ಜರ್ಮನಿಯ ಫೆಡರ್ ಸರೋವರದ ಜೌಗುಪ್ರದೇಶದಲ್ಲಿ ವ್ಯವಸ್ಥಿತ ಉತ್ಖನನ ನಡೆದಾಗ, ಅಲ್ಲಿಯ ಮನೆಗಳ ನೆಲಹಾಸುಗಳು ಜೌಗುನೆಲದ ಮೇಲೆಯೇ ಹಾಸಿದವು ಎಂದು ಕಂಡುಬಂದಿತು. ಹಾನ್ಸ್ ರೈನೆರ್ಟ್ ಎಂಬ ತರುಣ ವಿದ್ವಾಂಸರು ೧೯೨೯-೩೦ರಲ್ಲಿ ಬೋಡನ್ ಸರೋವರದ ಸಿಪ್ಲಿಂಗೆನ್ ಬಳಿ, ನೀರನ್ನು ತಡೆಯುವ ಆವರಣವನ್ನು ಸರೋವರದಲ್ಲೇ ಇಳಿಸಿ, ಒಳಗಿನ ನೀರನ್ನು ಹೊರಹಾಕಿ, ಒಣ ತಳವನ್ನು ಅಗೆದು ನೋಡಿದರು. ಊರು ಇದ್ದುದು ನೀರಿನ ನಡುವೆ ಅಲ್ಲ, ದಂಡೆಯಲ್ಲಿ. ನೀರು ಏರುವ ಋತುವಿನಲ್ಲಿ ಮಾತ್ರ ಅದು ಮನೆಯ ಕೆಳಗೆ ಬರುತ್ತಿತ್ತು ಎಂಬುದು ಅವರ ನಿಲುವು. ಇಂದಿನ ತಿಳಿವಿಗೆ ಇದು ಕೆಲ್ಲರರ ಮಾತಿಗಿಂತ ಬಹಳ ಹತ್ತಿರ.

ಇಲ್ಲಿಯೇ ನಮ್ಮ ಎರಡನೆಯ ಪ್ರಶ್ನೆ ಎದುರಾಗುತ್ತದೆ. ಈ ರೈನೆರ್ಟ್ ೧೯೩೧ರಲ್ಲಿ ನಾಜಿ ಪಕ್ಷವನ್ನು ಸೇರಿದರು. ಪಕ್ಷದ ತತ್ತ್ವಪ್ರಚಾರಕನಾದ ರೋಸೆನ್‌ಬರ್ಗನ ಆಶ್ರಯದಲ್ಲಿ ಜರ್ಮನಿಯ ಪ್ರಾಗಿತಿಹಾಸ ಸಂಘಟನೆಗೆ ನಾಯಕರಾದರು. ಪ್ರಾಚೀನರ ಅವಶೇಷಗಳು ಒಂದು ಜನಾಂಗದ ಶ್ರೇಷ್ಠತೆಗೆ ಸಾಕ್ಷಿ ನುಡಿಯಬೇಕೆಂಬುದು ಆ ಸಂಘಟನೆಯ ಸಂಕಲ್ಪ. ಒಪ್ಪದ ವಿದ್ವಾಂಸರ ಮೇಲೆ ದಾಳಿ ನಡೆಯಿತು. ಫ್ರಾಂಕ್‌ಫರ್ಟಿನ ಪುರಾತತ್ತ್ವ ಸಂಸ್ಥೆಯ ನಿರ್ದೇಶಕರಾಗಿದ್ದ ಗೆರ್‌ಹಾರ್ಡ್ ಬೆರ್ಸು ತಮ್ಮ ಯೆಹೂದಿ ಮೂಲದ ಕಾರಣದಿಂದ ೧೯೩೫ರಲ್ಲಿ ಸ್ಥಾನವನ್ನು ಕಳೆದುಕೊಂಡರು. ಅವರ ಸಂಸ್ಥೆಯ ವಿರುದ್ಧ ಹೋರಾಡಿದವರ ಮುಂಚೂಣಿಯಲ್ಲಿ ರೈನೆರ್ಟ್ ಇದ್ದರು. ಬೆರ್ಸು ಇಂಗ್ಲೆಂಡಿಗೆ ಹೋಗಿ, ಅಲ್ಲಿಯೂ ಅಗೆತದ ಕೈಚಳಕದಿಂದ ಹೆಸರಾಗಿ, ಯುದ್ಧಾನಂತರ ೧೯೫೦ರಲ್ಲಿ ತಮ್ಮ ಸಂಸ್ಥೆಗೆ ಮರಳಿದರು. ಯುದ್ಧ ಮುಗಿದ ಮೇಲೆ ರೈನೆರ್ಟರನ್ನು ಸಹವಿದ್ವಾಂಸರು ದೂರವಿಟ್ಟರು.

ಕೆಲ್ಲರರನ್ನೂ ರೈನೆರ್ಟರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡೋಣ. ಕಂಬಗಳ ವಿಷಯದಲ್ಲಿ ಒಬ್ಬರು ಹೇಳಿದ್ದು ನಿಲ್ಲಲಿಲ್ಲ, ಇನ್ನೊಬ್ಬರು ಹೇಳಿದ್ದರಲ್ಲಿ ಬಹುಭಾಗ ನಿಂತಿತು. ಆದರೆ ಸತ್ಯವಂತ ಎಂಬ ಮಾತನ್ನು ನಾವು ಯಾರಿಗೆ ಸಲ್ಲಿಸುತ್ತೇವೆ? ತಪ್ಪಿದವರಿಗೇ ಸಲ್ಲಿಸುತ್ತೇವೆ. ಇದು ವಿಚಿತ್ರವೆನಿಸಬಹುದು, ಅನ್ಯಾಯವಲ್ಲ. ಸತ್ಯವೆಂಬುದು ವಾಕ್ಯದ ಗುಣವಾಗಿರುವಂತೆ ವ್ಯಕ್ತಿಯ ಗುಣವೂ ಹೌದು. ವಾಕ್ಯದ ಸತ್ಯ ವಸ್ತುವಿಗೆ ಹೊಂದುವುದರಲ್ಲಿದೆ. ವ್ಯಕ್ತಿಯ ಸತ್ಯ ತನ್ನನ್ನು ವಸ್ತುವಿಗೆ ಅಧೀನಗೊಳಿಸುವುದರಲ್ಲಿದೆ. ಕಂಬಗಳನ್ನು ಸರಿಯಾಗಿ ಓದಿದ ಕಣ್ಣೇ ಮನುಷ್ಯರನ್ನು ಓದುವಾಗ ಅಧಿಕಾರಕ್ಕೆ ಅಧೀನವಾಯಿತು. ಒಂದು ವಿಷಯದಲ್ಲಿ ನಿಜವನ್ನು ಕಂಡಿದ್ದು ಇನ್ನೊಂದರಲ್ಲಿ ನಿಜದ ರಕ್ಷೆಯಾಗಲಿಲ್ಲ. ಹಾಗೆಂದು, ಅವರು ಅಧರ್ಮದ ಪಕ್ಷದಲ್ಲಿದ್ದರೆಂಬ ಕಾರಣಕ್ಕೆ ಸಿಪ್ಲಿಂಗೆನ್ನಿನ ತಳದಲ್ಲಿ ಕಂಡದ್ದನ್ನು ತಳ್ಳಿಹಾಕುವುದೂ ಸಲ್ಲದು. ಕಂಡದ್ದು ಕಂಡದ್ದೇ. ಅವರವರ ಶೀಲಕ್ಕೆ ಅವರವರು ಹೊಣೆ. ವಾಕ್ಯದ ಪರೀಕ್ಷೆ ಬೇರೆ, ವಕ್ತಾರನ ಪರೀಕ್ಷೆ ಬೇರೆ. ನಮಗೆ ಬೇಡದವನ ಬಾಯಿಂದ ಬಂದ ನಿಜವನ್ನು ಒಪ್ಪುವುದೂ, ನಮಗೆ ಪೂಜ್ಯನಾದವನ ಬಾಯಿಂದ ಬಂದ ತಪ್ಪನ್ನು ಬಿಡುವುದೂ ಸಮಾನವಾಗಿ ಕಷ್ಟ.

ಕಥೆ ಇಲ್ಲಿಗೆ ಮುಗಿಯಲಿಲ್ಲ. ೧೯೪೦ರ ದಶಕದಲ್ಲಿ ಓಸ್ಕರ್ ಪಾರೆಟ್ ಎಂಬ ವಿದ್ವಾಂಸರು ಇನ್ನೂ ಮುಂದೆ ಹೋಗಿ, ಎತ್ತರಿಸಿದ ಮನೆಗಳೇ ಇರಲಿಲ್ಲ, ಎಲ್ಲವೂ ಒಣ ದಂಡೆಯ ನೆಲದ ಮನೆಗಳು ಎಂದರು. ಎಗೋಲ್ಜ್‌ವಿಲ್ ಎಂಬಲ್ಲಿ ಅಗೆದ ಎಮಿಲ್ ಫೋಗ್ಟ್ ಕೂಡ ಜೌಗುನೆಲದ ಮೇಲೆಯೇ ಒಲೆಗಳಿದ್ದುದನ್ನು ಕಂಡು ಅದೇ ಕಡೆ ವಾಲಿದರು. ಮೊದಲ ಆವಿಷ್ಕಾರಕ್ಕೆ ನೂರು ವರ್ಷ ತುಂಬಿದ ಹೊತ್ತಿಗೆ, ೧೯೫೫ರಲ್ಲಿ ಪ್ರಕಟವಾದ ಗ್ರಂಥದಲ್ಲಿ, ನೀರಿನ ಮೇಲಿನ ಊರಿಗೆ ಅಂತ್ಯಕ್ರಿಯೆಯೇ ನಡೆದಂತಾಯಿತು. ಆದರೆ ಇಟಲಿಯ ಟ್ರೆಂಟಿನೊ ಪ್ರಾಂತದ ಫಿಯಾವೆ ಎಂಬಲ್ಲಿ ರೆನಾಟೊ ಪೆರಿನಿ ೧೯೬೯ರಿಂದ ೧೯೭೬ರವರೆಗೆ ನಡೆಸಿದ ಉತ್ಖನನದಲ್ಲಿ, ಕಂಚಿನ ಯುಗದ ಜನರು ನಿಜವಾಗಿಯೂ ನೀರು ನಿಂತ ತಳಕ್ಕೆ ಉದ್ದುದ್ದ ಕಂಬಗಳನ್ನು ನಾಟಿ ಮೇಲೆ ಮನೆ ಕಟ್ಟಿದ್ದುದು ಗೊತ್ತಾಯಿತು. ಅದೇ ಫಿಯಾವೆಯಲ್ಲಿ ಬೇರೆ ಕಾಲದ ಬೇರೆ ಬಗೆಯ ಮನೆಗಳೂ ಇದ್ದವು. ‘ಎಲ್ಲವೂ ನೀರಿನ ಮೇಲೆ’ ಎಂದವರೂ ‘ಯಾವುದೂ ನೀರಿನ ಮೇಲಲ್ಲ’ ಎಂದವರೂ ‘ಎಲ್ಲ’ ಎಂಬ ಒಂದೇ ಪದದಲ್ಲಿ ಎಡವಿದರು. ಕೆಲವೆಡೆ ನೆಲದ ಮೇಲೆ, ಕೆಲವೆಡೆ ಎತ್ತರಿಸಿದ ನೆಲಗಟ್ಟಿನ ಮೇಲೆ, ಕೆಲವೆಡೆ ನೀರಿನ ಮೇಲೆ ಎಂಬುದು ಇಂದಿನ ತಿಳಿವಳಿಕೆ. ಬೋಡನ್ ಸರೋವರದ ಮಟ್ಟ ವರ್ಷವೊಂದರಲ್ಲಿಯೇ ಒಂದೂವರೆ ಎರಡು ಮೀಟರಿನಷ್ಟು ಏರಿಳಿಯುತ್ತದೆ. ಅಂತಹ ದಂಡೆಯಲ್ಲಿ ‘ನೀರು’, ‘ನೆಲ’ ಎಂಬ ಭೇದವೇ ಋತುವಿಗೊಂದು ಬಗೆ. ತಪ್ಪನ್ನು ತಿದ್ದಹೊರಟವನಿಗೂ ತನ್ನದೇ ಆದ ಅಹಂಕಾರವುಂಟು ಎಂಬುದು ಇಲ್ಲಿಯ ಪಾಠ.

ದೊಡ್ಡ ಸಿದ್ಧಾಂತಗಳು ಹೀಗೆ ತೂಗಾಡುತ್ತಿರುವಾಗ ಸಣ್ಣ ಸಂಗತಿಗಳು ಆಶ್ಚರ್ಯಕರವಾಗಿ ಗಟ್ಟಿಯಾದವು. ಮರದ ವಾರ್ಷಿಕ ಉಂಗುರಗಳನ್ನು ಅಳೆದು ಹೋಲಿಸುವ ವಿದ್ಯೆಯಿಂದ, ತೊಗಟೆಯ ಅಂಚು ಉಳಿದಿರುವ ಕಂಬ ದೊರೆತರೆ, ಆ ಮರವನ್ನು ಕಡಿದ ವರ್ಷವನ್ನೇ ಹೇಳಬಹುದು. ಬೋಡನ್ ಸರೋವರದ ದಂಡೆಯ ಆರ್ಬೋನ್ ಎಂಬಲ್ಲಿ ಒಂದು ಊರು ಕ್ರಿ.ಪೂ. ೩೩೮೪ರಲ್ಲಿ ಆರಂಭವಾಗಿ ಸುಮಾರು ಹದಿನೈದು ವರ್ಷ ಬಾಳಿ ಬೆಂಕಿಗೆ ಆಹುತಿಯಾಯಿತು. ಹೋರ್ನ್‌ಸ್ಟಾಡ್ ಎಂಬ ಊರು ಕ್ರಿ.ಪೂ. ೩೯೧೦ರ ಸುಮಾರಿಗೆ ಉರಿಯಿತು. ಸುಟ್ಟ ಧಾನ್ಯ ಇಂದಿಗೂ ಉಳಿದಿದೆ. ಅವರು ಗೋಧಿಯ ಹಲವು ಜಾತಿಗಳನ್ನೂ ಜವೆಗೋಧಿಯನ್ನೂ ಬಟಾಣಿ, ಅಗಸೆ, ಗಸಗಸೆಗಳನ್ನೂ ಬೆಳೆಯುತ್ತಿದ್ದರು. ದನ, ಹಂದಿ, ಆಡುಗಳನ್ನು ಸಾಕುತ್ತಿದ್ದರು. ಹವೆ ತಣ್ಣಗಾಗಿ ಬೆಳೆ ಕೈಕೊಟ್ಟ ಕಾಲದಲ್ಲಿ ಬೇಟೆಯನ್ನು ಹೆಚ್ಚು ಅವಲಂಬಿಸುತ್ತಿದ್ದರು. ಬರ್ಚ್ ಮರದ ತೊಗಟೆಯಿಂದ ಇಳಿಸಿದ ಅಂಟನ್ನು ಅಗಿದು ಉಗಿದದ್ದರಲ್ಲಿ ಹಲ್ಲಿನ ಗುರುತು ಹಾಗೆಯೇ ಇದೆ. ಜ್ಯೂರಿಕ್ ನಗರದಲ್ಲಿ ನೆಲದಡಿಯ ವಾಹನ ನಿಲ್ದಾಣಕ್ಕಾಗಿ ಅಗೆಯುವಾಗ, ೨೦೧೦ರಲ್ಲಿ, ಸುಮಾರು ೫,೦೦೦ ವರ್ಷಗಳ ಹಿಂದಿನ ಮರದ ಬಾಗಿಲೊಂದು ಇಡಿಯಾಗಿ ದೊರೆಯಿತು. ಎತ್ತರ ಒಂದೂವರೆ ಮೀಟರ್. ತಲೆ ಬಾಗಿಸಿ ಒಳಹೋಗಬೇಕಾದ ಬಾಗಿಲು.

ಈ ಜನರು ನಾವು ಪ್ರವಚನದಲ್ಲಿ ಹೇಳಿದಂತೆ ಭಯದಿಂದ ನೆಲ ಬಿಟ್ಟವರಲ್ಲ. ಹೊಲ ಉತ್ತವರು, ದನ ಮೇಯಿಸಿದವರು, ದಂಡೆಯ ಜೌಗನ್ನು ಸಹಿಸಿಕೊಂಡು ನೆಲಕ್ಕೆ ಅಂಟಿಕೊಂಡೇ ಬಾಳಿದವರು. ಅವರ ಭಯವನ್ನು ಕಲ್ಪಿಸಿದವರು ನಾವು. ನಮ್ಮ ನೀತಿಗೆ ಒಂದು ದೃಷ್ಟಾಂತ ಬೇಕಾಗಿತ್ತು; ಬಾಯಿಲ್ಲದ ಮೃತರು ಸಿಕ್ಕಿದರು. ಬದುಕಿರುವವನ ಮೇಲೆ ಇಲ್ಲದ್ದನ್ನು ಹೇರಿದರೆ ಅವನು ಎದುರು ನಿಂತು ಕೇಳುತ್ತಾನೆ. ಐದು ಸಾವಿರ ವರ್ಷದ ಹಿಂದೆ ಸತ್ತವನು ಕೇಳಲಾರನು. ಅವನ ಪರವಾಗಿ ಕೇಳುವುದು ಕೆಸರಿನಲ್ಲಿ ಉಳಿದ ಗೂಟ ಮಾತ್ರ. ಆದ್ದರಿಂದಲೇ ಮೃತರ ವಿಷಯದಲ್ಲಿ ಸತ್ಯದ ಋಣ ಹೆಚ್ಚು, ಕಡಿಮೆಯಲ್ಲ.

ಇನ್ನೊಂದು ಮಾತನ್ನೂ ಇಲ್ಲಿ ಹೇಳಬೇಕು. ಈ ಮರ, ಬಟ್ಟೆ, ಬೀಜಗಳು ಇಷ್ಟು ಕಾಲ ಉಳಿದದ್ದು ನೀರು ನೆನೆದ ಕೆಸರಿನಲ್ಲಿ ಗಾಳಿಯ ಸಂಪರ್ಕವಿಲ್ಲದ್ದರಿಂದ. ಹೊರತೆಗೆದು ಹಾಗೆಯೇ ಬಿಟ್ಟರೆ ಮರ ಒಣಗಿ, ಸೀಳಿ, ಮುರುಟಿ ಹೋಗುತ್ತದೆ. ೨೦೧೧ರಲ್ಲಿ ಯುನೆಸ್ಕೊ ಸಂಸ್ಥೆಯು ಸ್ವಿಟ್ಜರ್ಲೆಂಡ್, ಇಟಲಿ, ಜರ್ಮನಿ, ಫ್ರಾನ್ಸ್, ಆಸ್ಟ್ರಿಯ, ಸ್ಲೊವೇನಿಯ ಈ ಆರು ದೇಶಗಳ ೧೧೧ ನೆಲೆಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಇವು ಕ್ರಿ.ಪೂ. ೫೦೦೦ದಿಂದ ೫೦೦ರವರೆಗಿನವು. ಅಲ್ಲಿಗೆ ಹೋದವನಿಗೆ ಕಾಣುವುದು ಬಹುತೇಕ ನೀರು ಮಾತ್ರ. ಆ ನೆಲೆಗಳ ಬಹುಭಾಗವನ್ನು ಅಗೆಯದೆಯೇ ಕಾಪಾಡಲಾಗುತ್ತಿದೆ. ಅಲೆಗಳು ಕೊರೆಯುವೆಡೆ ತಳದ ಮೇಲೆ ಬಟ್ಟೆಯಂತಹ ಹೊದಿಕೆ ಹಾಸಿ ಜಲ್ಲಿ ಹರಡುತ್ತಾರೆ. ನಮಗಿಂತ ಉತ್ತಮ ಉಪಾಯಗಳುಳ್ಳವರು ಮುಂದೆ ಬರುತ್ತಾರೆ, ಅವರಿಗಾಗಿ ಇಂದು ಕೈ ತಡೆಯಬೇಕು ಎಂಬ ಈ ಸಂಯಮ ನಮಗೆ ಪೂಜ್ಯವಾಗಿ ಕಂಡಿತು. ಒಂದು ಕಾಲಕ್ಕೆ ಸುಲಿದ ದಂಡೆಯಲ್ಲಿಯೇ ಇಂದು ಈ ವಿವೇಕ ನೆಲೆಸಿದೆ. ತಾನು ತಪ್ಪಬಲ್ಲೆನೆಂದು ಅರಿತ ವಿದ್ಯೆ ಮಾತ್ರ ಹೀಗೆ ನಡೆಯಬಲ್ಲದು.

ಈಗ ಮೊದಲ ಪ್ರಶ್ನೆಗೆ ಬರೋಣ. ತಪ್ಪು ಯಾವಾಗ ಅಸತ್ಯವಾಗುತ್ತದೆ? ನಾವು ಮೂರು ಪರೀಕ್ಷೆಗಳನ್ನು ಹೇಳಬಯಸುತ್ತೇವೆ. ಹೇಳಿದವನು ತನಗೆ ವಿರುದ್ಧವಾದ ಸಾಕ್ಷಿಯನ್ನು ಮುಚ್ಚಿಟ್ಟನೆ? ಆ ಮಾತಿನಿಂದ ತನಗೋ ತನ್ನವರಿಗೋ ಬರುವ ಹೆಮ್ಮೆಗಾಗಿ ಪರೀಕ್ಷೆಯನ್ನು ಬಿಟ್ಟುಕೊಟ್ಟನೆ? ತಿದ್ದಿದವನು ಬಂದಾಗ ಮಾತನ್ನು ನೋಡಿದನೆ, ತನ್ನ ಮಾನವನ್ನು ನೋಡಿದನೆ? ಮೂರರಲ್ಲಿ ಒಂದರಲ್ಲಿ ಸೋತರೂ ತಪ್ಪು ಅಸತ್ಯದ ಕಡೆಗೆ ಹೆಜ್ಜೆ ಇಟ್ಟಂತೆ. ‘ನನಗೆ ಗೊತ್ತಿರಲಿಲ್ಲ’ ಎಂಬ ಸಮಾಧಾನ ಎಲ್ಲರಿಗೂ ಒಂದೇ ಬೆಲೆಯದಲ್ಲ ಎಂಬುದನ್ನೂ ಸೇರಿಸಬೇಕು. ಸಂತೆಯಲ್ಲಿ ಹರಟುವವನ ಅಜ್ಞಾನಕ್ಕೂ ಪೀಠದ ಮೇಲೆ ಕುಳಿತು, ಕೈಮುಗಿದವರ ಮುಂದೆ ಮಾತನಾಡುವವನ ಅಜ್ಞಾನಕ್ಕೂ ಅಂತರವುಂಟು. ಕೇಳುವವರು ಮರುಪ್ರಶ್ನೆ ಹಾಕದ ಕಡೆ ಹೇಳುವವನೇ ತನಗೆ ಮರುಪ್ರಶ್ನೆ ಹಾಕಿಕೊಳ್ಳಬೇಕು.

ಈ ಅಳತೆಯಲ್ಲಿ ನಾವು ಮೊದಲೆರಡರಲ್ಲಿ ಹೇಗೋ ಪಾರಾದೆವು. ಮೂರನೆಯದರಲ್ಲಿ ನಾಲ್ಕು ತಿಂಗಳು ಸೋತೆವು. ಮರುವರ್ಷದ ಶ್ರಾವಣದಲ್ಲಿ ಅದೇ ಸಭೆಯಲ್ಲಿ ಹಿಂದಿನ ದೃಷ್ಟಾಂತವನ್ನು ಹಿಂತೆಗೆದುಕೊಂಡು ನಡೆದದ್ದನ್ನು ಹೇಳಿದೆವು. ಎರಡನೆಯ ಸಲ ಹೇಳಿದ ಆ ಬೇರೊಂದು ಊರಿಗೂ ಹೋಗಿ ಹೇಳಿ ಬಂದೆವು. ಕೆಲವು ಹಿರಿಯರಿಗೆ ಅದು ಅನಗತ್ಯವೆನಿಸಿತು. “ಸಣ್ಣ ಮಾತು ಬುದ್ಧಿ, ಯಾರು ನೆನಪಿಟ್ಟುಕೊಂಡಿರುತ್ತಾರೆ?” ಎಂದರು. ಆಗ ಹಿಂದಿನ ಸಾಲಿನಲ್ಲಿದ್ದ ಹುಡುಗನೊಬ್ಬ, ಕಾಲಿಗೆ ಹಗ್ಗ ಕಟ್ಟುವ ಕಥೆಯನ್ನು ತಾನು ಶಾಲೆಯಲ್ಲಿ ಹೇಳಿದ್ದೇನೆಂದು ಎದ್ದು ನಿಂತು ನುಡಿದನು. ಅವನು ನೆನಪಿಟ್ಟುಕೊಂಡಿದ್ದನು.

ನಮ್ಮ ಮಠದ ಹಳೆಯ ವಿದ್ಯಾರ್ಥಿಗಳು ಇಂದು ಅನೇಕ ಪೀಠಗಳಲ್ಲಿ ಕುಳಿತಿದ್ದಾರೆ. ಅಧ್ಯಾಪಕನದೂ ಒಂದು ಪೀಠವೇ, ನ್ಯಾಯವಾದಿಯದೂ, ವೈದ್ಯನದೂ, ಮನೆಯ ಹಿರಿಯನದೂ. ಊರಿನ ಇತಿಹಾಸವನ್ನೋ ಮನೆತನದ ಹಿರಿಮೆಯನ್ನೋ ಮಠದ ಪ್ರಾಚೀನತೆಯನ್ನೋ ಹೇಳುವಾಗ ಸರೋವರದ ತಳದ ಆ ಗೂಟಗಳನ್ನು ಒಮ್ಮೆ ನೆನೆಯಿರಿ. ಯಾರಾದರೂ ಏಕಾಂತದಲ್ಲಿ ಬಂದು “ಇದು ಹಾಗಲ್ಲವಂತೆ” ಎಂದರೆ ಅವರನ್ನು ಕೂಡಿಸಿ ಕೇಳಿರಿ. ಅಂತಹವರು ಬರುವುದು ಅಪರೂಪ. ಒಮ್ಮೆ ಕಳುಹಿಸಿಬಿಟ್ಟರೆ ಮತ್ತೆ ಬರುವುದು ಇನ್ನೂ ಅಪರೂಪ. ನಮ್ಮ ಬಳಿಗೆ ಬಂದ ಆ ಅಧ್ಯಾಪಕರು ಮಾತ್ರ ಮುಂದಿನ ಶ್ರಾವಣದಲ್ಲಿಯೂ ಬಂದಿದ್ದರು. ಈ ಲೇಖನದ ಅಚ್ಚುಗೂಡಿನ ಕರಡನ್ನು ತಿದ್ದಿದವರೂ ಅವರೇ.